ಎಂಟೇ ಹಲಗೆಯ ಬಕೆಟ್ಟು

ಬೆಳಕು ಹರಿಯುವುದರೊಳಗೆ ನಾನು ಮಾಡಿ ಮುಗಿಸಬೇಕಾದ ಕೆಲಸಗಳು ಇವು: ಒಲೆಯ ಬೂದಿ ಬಾಚುವುದು. ಬೂದಿಯಡಿಯ ಕೆಂಡವನ್ನು ಊದಿ ಎಬ್ಬಿಸುವುದು (ನನಗಿಂತ ತಡವಾಗಿ ಏಳುವ ಹಕ್ಕು ಈ ಮನೆಯಲ್ಲಿ ಕೆಂಡಕ್ಕೂ ಇದೆ). ಬಾವಿಕಟ್ಟೆಯ ಮೇಲೆ ಕಟ್ಟಿದ ಹಿಮ ಒಡೆಯುವುದು. ಅಡುಗೆಗೆ ಆರು ಬಕೆಟ್ಟು, ಸ್ನಾನದ ತೊಟ್ಟಿಗೆ ಮೂವತ್ತೆರಡು ಬಕೆಟ್ಟು ನೀರು ಸೇದಿ ಹೊರುವುದು. ಅಕ್ಕಿ ತೊಳೆದು ಬಾರ್ಲಿ ಬೆರೆಸಿ ಒಲೆಗಿಡುವುದು. ಉಪ್ಪಿನಲ್ಲಿಟ್ಟ ಮೂಲಂಗಿಯ ಮೇಲಿನ ಕಲ್ಲೆತ್ತಿ, ಒಂದು ಮೂಲಂಗಿ ತೆಗೆದು, ಕಲ್ಲನ್ನು ಮತ್ತೆ ಹೇರುವುದು. ಕೆಲಸದ ಕೊಟ್ಟಿಗೆಯಲ್ಲಿ ಬಿದ್ದ ಮರದ ಹೊಟ್ಟು ಗುಡಿಸಿ ಸ್ನಾನದ ಒಲೆಗೆ ಸೇರಿಸುವುದು. ಕೊನೆಯದಾಗಿ, ಅಮ್ಮ ಎದ್ದು ಬಂದು "ಇಷ್ಟು ಹೊತ್ತು ಏನು ಮಾಡ್ತಿದ್ದೆ?" ಎಂದು ಕೇಳುವಾಗ ಸುಮ್ಮನೆ ನಿಲ್ಲುವುದು.

ಇಷ್ಟರಲ್ಲಿ ನನಗೆ ಒಂದೇ ಒಂದು ಸಮಾಧಾನವಿತ್ತು. ನನ್ನ ಬಕೆಟ್ಟು ಸೋರುತ್ತಿರಲಿಲ್ಲ. ಮದುವೆಯ ವರ್ಷ ಅಪ್ಪ ಕಟ್ಟಿಕೊಟ್ಟದ್ದು ಅದು. ಹದಿನಾರು ಹಲಗೆ, ಎರಡು ಬಿದಿರಿನ ಬಳೆ. ಉಳಿದ ಹುಡುಗಿಯರಿಗೆ ರೇಷ್ಮೆ ಕೊಡುತ್ತಾರೆ. ನನಗೆ ಬಾವಿಗೆ ಹೋಗುವ ಸೌಕರ್ಯ ಕೊಟ್ಟರು.

ಕಿಸೊ ಕಣಿವೆಯಲ್ಲಿ ನಮ್ಮದು ನಾಲ್ಕು ತಲೆಮಾರಿನಿಂದ ಬಕೆಟ್ಟು, ತೊಟ್ಟಿ ಕಟ್ಟುವ ಮನೆ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ನನಗೊಬ್ಬ ಗಂಡನನ್ನು ತಂದು, ನಮ್ಮ ಮನೆತನದ ಹೆಸರು ಕೊಟ್ಟು, ದತ್ತು ಅಳಿಯನೆಂದು ಕೂರಿಸಿದರು. ಅವರ ಹೆಸರು ತೋರಾಜಿ. (ಆ ಹೆಸರಿನಲ್ಲಿ ಒಂದು ಹುಲಿ ಇದೆ. ಹುಲಿ ಇರುವುದು ಅಲ್ಲಿ ಮಾತ್ರ.) ಒಳ್ಳೆಯ ಮನುಷ್ಯ. ಅಮ್ಮ ಕೆಮ್ಮಿದರೆ ಇವರು ಎದ್ದು ನಿಂತು ಕ್ಷಮೆ ಕೇಳುತ್ತಾರೆ.

ಕಳೆದ ಶರತ್ಕಾಲದಲ್ಲಿ ಅಪ್ಪ ತೀರಿಕೊಂಡರು. ಶವಕ್ಕೆಂದು ತಾವೇ ಮೊದಲೇ ಕಟ್ಟಿಟ್ಟುಕೊಂಡಿದ್ದ ತೊಟ್ಟಿಯಲ್ಲಿ ಮಂಡಿ ಮಡಿಸಿ ಕೂತು ಗುಡ್ಡದ ಸ್ಮಶಾನಕ್ಕೆ ಹತ್ತಿದರು. ಎಂಥ ಬಿಗಿ ಕಟ್ಟು ಅಂತೀರಿ! ಹೊತ್ತವರೇ ಹೊಗಳಿದರು. ಹೊಸ ವರ್ಷ ಕಳೆದು ಮೊದಲ ಕೆಲಸ ಬಂತು: ಬಿಸಿನೀರ ಬುಗ್ಗೆಯ ಪಕ್ಕದ ಛತ್ರಕ್ಕೆ ಇಪ್ಪತ್ತು ಬಕೆಟ್ಟು, ನನ್ನ ಬಕೆಟ್ಟಿನಷ್ಟೇ ದೊಡ್ಡವು. ಇವರು ಕೊಟ್ಟಿಗೆಗೆ ಹೋದರು. ಹೋದ ಹಾಗೇ ಹೊರಗೆ ಬಂದರು.

"ಅಮ್ಮಾ, ಮಾವನವರ ಕುಡುಗೋಲುಗಳು ಕಾಣ್ತಾ ಇಲ್ಲ."

"ಗದ್ದೆ ಎಲ್ಲಿದೆ ನಮಗೆ, ಕುಡುಗೋಲು ಯಾಕೆ?"

"ಆ ಕುಡುಗೋಲಲ್ಲ ಅಮ್ಮಾ. ಮರದ್ದು. ಕುಡುಗೋಲಿನ ಹಾಗೆ ಬಾಗಿದ ಅಳತೆಯ ತುಂಡುಗಳು. ಏಳಿದ್ದವು."

ನಾನು ಮೂಲಂಗಿ ಹೆಚ್ಚುತ್ತಿದ್ದೆ. ಕೈ ನಿಂತಿತು.

ಇವರು ಒಲೆಯ ಬೂದಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. ಒಂದು ಅಂಚು ಬಾಗು, ಅದಕ್ಕೆ ಸೇರಿದ ಇನ್ನೊಂದು ಅಂಚು ನೇರ. ಬಾಗಿದ್ದು ಹಲಗೆಯ ಹೊರಮೈಗೆ ಕೂರಬೇಕು, ನೇರದ್ದು ಹಲಗೆಯ ಪಕ್ಕಕ್ಕೆ. ಎರಡೂ ಸಂದಿಲ್ಲದೆ ಕೂತರೆ ಪಕ್ಕದ ಓರೆ ಸರಿ ಇದೆಯೆಂದು ಅರ್ಥ. ಬಕೆಟ್ಟಿನ ಒಂದೊಂದು ಗಾತ್ರಕ್ಕೆ ಒಂದೊಂದು. ಮುತ್ತಜ್ಜ ಕೆತ್ತಿದ್ದು.

ನನಗೆ ಅವು ಗೊತ್ತಿದ್ದವು. ಹೊಗೆ ಹಿಡಿದು ಕಪ್ಪಾಗಿದ್ದವು. ಚೆನ್ನಾಗಿ ಒಣಗಿದ್ದವು. ಬೇಗ ಹೊತ್ತಿಕೊಂಡವು.

(ಹೌದು. ನಾನೇ. ವರ್ಷದ ಕೊನೆಗೆ ಮಸಿ ಗುಡಿಸುವ ದಿನ, ಮೂಲೆಯ ಹರಕು ಚೀಲದಲ್ಲಿ ಸಿಕ್ಕಿದ ವಕ್ರ ತುಂಡುಗಳನ್ನು ಕೊಟ್ಟಿಗೆಯ ಉಳಿದ ಚೂರುಗಳ ಜೊತೆ ಸ್ನಾನದ ಒಲೆಗೆ ಹಾಕಿದೆ. ಹೆಂಗಸು ಕೊಟ್ಟಿಗೆಗೆ ಹೋಗುವುದು ಗುಡಿಸಲಿಕ್ಕೆ ಮಾತ್ರ. ಹೆಂಗಸು ಮುಟ್ಟಿದರೆ ಮರ ಹೆರೆಯುವ ಹತ್ತರಿಯ ಅಲಗು ಮೊಂಡಾಗುತ್ತದಂತೆ. ಯಾವುದು ಕಸ, ಯಾವುದು ಮನೆತನ ಎಂದು ಹುಟ್ಟಿದ ಮೂವತ್ತೆರಡು ವರ್ಷದಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ. ಅಂದಿನ ನೀರು ಬಲು ಹದವಾಗಿ ಕಾದಿತ್ತೆಂದು ಇವರು ಹೊಗಳಿದರು, ಆಮೇಲೆ ಅಮ್ಮ ಹೊಗಳಿದಳು, ಆಮೇಲೆ ಪಕ್ಕದ ಮನೆಯ ಅಜ್ಜ. ಕೊನೆಗೆ ಅದೇ ನೀರಿಗೆ ನಾನು ಇಳಿಯುವಾಗ ನಾಲ್ಕು ತಲೆಮಾರಿನ ಶಾಖ ಉಗುರುಬೆಚ್ಚಗೆ ಉಳಿದಿತ್ತು.)

ಗುಡಿಸಿದ ಮರುದಿನ ಬೂದಿಯಲ್ಲಿ ಅವುಗಳ ಒಂದು ಕರಕಲು ತುದಿ ಸಿಕ್ಕಿತ್ತು. ಯಾಕೋ ಸೂಜಿಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಈಗ ಬಾಯಿ ಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಅಮ್ಮ ತೀರ್ಪು ಕೊಟ್ಟೇಬಿಟ್ಟಳು.

"ಹುಡುಕಬೇಡಿ ಅಳಿಯಂದಿರೇ. ಅವರು ಜೊತೆಗೇ ತಗೊಂಡು ಹೋದರು. ತೊಟ್ಟಿಯೊಳಗೆ ಮಡಿಲಲ್ಲಿ ಇಟ್ಕೊಂಡು."

"ಯಾಕಮ್ಮಾ?"

"ಕೊಡೋ ಹಾಗಿದ್ದರೆ ಕೊಟ್ಟೇ ಹೋಗ್ತಿದ್ದರು. ನಿಮ್ಮ ಮೇಲೆ ನಂಬಿಕೆ ಇರಲಿಲ್ಲ."

ಇವರ ಮುಖ ನೀರಿಳಿದ ತೊಟ್ಟಿಯಂತಾಯಿತು. ನಾನು ಮೂಲಂಗಿ ಹೆಚ್ಚಿದೆ. ಅದೊಂದು ಮಾತು ಆವತ್ತು ಆಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಇವರು ಪೇಟೆಗೆ ಹೋಗಿ ಹಿತ್ತಾಳೆಯ ಕೋನಮಾಪಕ ತಂದರು. ಶಾಲೆಯಲ್ಲಿ ಲೆಕ್ಕದಲ್ಲಿ ಮುಂದಿದ್ದರಂತೆ. ಸುತ್ತೆಂದರೆ ಮುನ್ನೂರ ಅರವತ್ತು, ಹಲಗೆ ಹದಿನಾರು, ಭಾಗಿಸಿದರೆ ಇಪ್ಪತ್ತೆರಡೂವರೆ. ಪ್ರತಿ ಹಲಗೆಯ ಎರಡೂ ಪಕ್ಕವನ್ನು ಇಪ್ಪತ್ತೆರಡೂವರೆಗೆ ಓರೆ ಮಾಡಿ ಜೋಡಿಸುತ್ತ ಬಂದರು. ಎಂಟನೆಯ ಹಲಗೆಗೆ ಬಕೆಟ್ಟು ಮುಚ್ಚಿಕೊಂಡಿತು. ಉಳಿದ ಎಂಟು ಹಲಗೆ ತೊಡೆಯ ಮೇಲಿದ್ದವು, ಕರೆದರೂ ಮದುವೆಯಲ್ಲಿ ಜಾಗ ಸಿಗದ ನೆಂಟರ ಹಾಗೆ.

ಅಮ್ಮ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿದಳು. "ಚೆನ್ನಾಗಿದೆ. ಛತ್ರದಲ್ಲಿ ಬೆಕ್ಕುಗಳು ಸ್ನಾನ ಮಾಡ್ತಾವಾ?"

"ಎರಡು ಹಲಗೆ ಸೇರಿ ಒಂದು ಸಂದು, ಅಮ್ಮಾ. ಒಂದೊಂದು ಪಕ್ಕಕ್ಕೆ ಅರ್ಧರ್ಧ ಬರಬೇಕಿತ್ತು," ಎಂದು ಇವರು ಬೆವರಿದರು. "ಹನ್ನೊಂದೂಕಾಲು. ಆದರೆ ಈ ಮಾಪಕದಲ್ಲಿ ಕಾಲು ಅನ್ನೋದೇ ಇಲ್ಲ."

"ನನ್ನ ಗಂಡನಿಗೆ ಲೆಕ್ಕವೇ ಬರ್ತಿರಲಿಲ್ಲ. ಬಕೆಟ್ಟು ಬರ್ತಿತ್ತು."

ಕಾಲನ್ನು ಅಂದಾಜಿನಲ್ಲಿ ಹಿಡಿದು ಎರಡನೆಯದು ಕಟ್ಟಿದರು. ಮರ ಸೀಳಿದಾಗ ಎರಡು ಹಲಗೆ ಒಂದೇ ಅಗಲಕ್ಕೆ ಬರುವುದಿಲ್ಲ. ಅಗಲದ್ದಕ್ಕೂ ಸಣ್ಣದ್ದಕ್ಕೂ ಇವರು ಅದೇ ಹನ್ನೊಂದೂಕಾಲು ಕೊಟ್ಟರು. ಬಕೆಟ್ಟು ಮೊಟ್ಟೆಯ ಆಕಾರಕ್ಕೆ ಬಂತು. ಬಳೆ ಬಿಗಿದರೆ ಒಂದು ಕಡೆ ಹಿಡಿದು ಮೂರು ಕಡೆ ಬಾಯಿಬಿಟ್ಟಿತು.

"ರೀ, ಅಪ್ಪ ಕಟ್ಟಿದ್ದನ್ನೇ ಒಂದು ಬಿಚ್ಚಿ ನೋಡಬಾರದಾ?" ಎಂದೆ, ಮೆಲ್ಲಗೆ.

ಅಮ್ಮನ ಕಿವಿ ಹತ್ತಿರವೇ ಇತ್ತು. "ಅವರ ಕೈ ಕಟ್ಟಿದ್ದನ್ನು ಇವರ ಕೈ ಬಿಚ್ಚಬೇಕಾ? ಇನ್ನು ಹತ್ತು ದಿನಕ್ಕೆ ಸುಹಾರ ಊರಿನ ನಿನ್ನ ಚಿಕ್ಕಪ್ಪ ಕೊಟ್ಟಿಗೆ ಕೆಲಸ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಒಂದಾದರೂ ನೆಟ್ಟಗಿನ ಬಕೆಟ್ಟು ಕಾಣದಿದ್ದರೆ, ಅಳಿಯಂದಿರನ್ನು ಅವರ ತಾಯಿಮನೆಗೆ ಕಳಿಸೋದು. ಕೈಯಲ್ಲಿ ಕಸುಬಿರೋ ಬೇರೆಯವನನ್ನು ನೋಡೋಣ."

ಇವರು ಎದ್ದು ನಿಂತು ಕ್ಷಮೆ ಕೇಳಿದರು. ಆವತ್ತಿನಿಂದ ಇವರು ಸರಿಯಾಗಿ ಉಣ್ಣಲಿಲ್ಲ. ಒಮ್ಮೆ ಮಾತ್ರ ನನ್ನ ಹತ್ತಿರ ಅಂದರು: "ಕಳಿಸಿದರೆ ಹೋಗ್ತೀನಿ, ರಿತ್ಸು. ಹನ್ನೊಂದು ವರ್ಷ ಅವರ ಪಕ್ಕ ಕೂತಿದ್ದೆ. ನಂಬಲಿಲ್ಲವಲ್ಲ, ಅದು ಸುಡ್ತದೆ."

ಸುಡುವ ವಿಷಯ ನನ್ನೆದುರು ಯಾರೂ ಎತ್ತದಿದ್ದರೆ ಒಳ್ಳೆಯದಿತ್ತು.

ಮರುದಿನ ನಸುಕಿನಲ್ಲಿ, ನೀರು ತಂದು ಮುಗಿಸಿದ ಮೇಲೆ, ನನ್ನ ಬಕೆಟ್ಟನ್ನು ಬೋರಲು ಹಾಕಿ ಬಳೆಗಳನ್ನು ಬಡಿದು ಬಿಚ್ಚಿದೆ. ಹದಿನಾರು ಹಲಗೆಯೂ ಹೂವಿನ ಹಾಗೆ ಬಿದ್ದವು. ಒಂದರ ಅಗಲ ಇನ್ನೊಂದಕ್ಕಿರಲಿಲ್ಲ. ಹಳೆಯ ಅನ್ನದ ಚಪ್ಪಟೆ ಸೌಟಿನ ಮೇಲೆ ಒಂದು ಹಲಗೆ ನಿಲ್ಲಿಸಿ, ಬಾಗನ್ನೂ ಪಕ್ಕದ ಓರೆಯನ್ನೂ ಗೆರೆ ಎಳೆದು, ಮೀನು ಕೊಯ್ಯುವ ಚೂರಿಯಿಂದ ಹೊಸ ಕುಡುಗೋಲು ಕೆತ್ತಿದೆ. ಹದಿನಾರಕ್ಕೂ ಹಿಡಿದು ನೋಡಿದೆ. ಹದಿನಾರಕ್ಕೂ ಕೂತಿತು. ಅಗಲವಾದ ಹಲಗೆಗೆ ಹೆಚ್ಚು ಓರೆ, ಸಣ್ಣದಕ್ಕೆ ಕಡಿಮೆ, ಅದನ್ನೆಲ್ಲ ಆ ಬಾಗು ತಾನೇ ನೋಡಿಕೊಳ್ಳುತ್ತಿತ್ತು. ಲೆಕ್ಕವೇ ಬೇಡ. ಅಷ್ಟು ಹೊತ್ತು ನಾನು ಚಳಿಯನ್ನು ಮರೆತಿದ್ದೆ. ಎಣ್ಣೆ, ಮಸಿ ಉಜ್ಜಿ ಅದಕ್ಕೆ ನೂರು ವರ್ಷ ವಯಸ್ಸು ಕೊಟ್ಟು, ಕೊಟ್ಟಿಗೆಯ ಕಪಾಟಿನ ಹಿಂದೆ ಸಿಕ್ಕಿಸಿದೆ. ಹಗಲು ಕಪಾಟು ಸರಿಸಲು ಇವರನ್ನೇ ಕರೆದೆ.

"ಅಮ್ಮಾ! ಒಂದು ಸಿಕ್ಕಿತು! ಒಂದು ಬಿಟ್ಟು ಹೋಗಿದ್ದಾರೆ!"

ಅಮ್ಮ ಬಂದಳು. ಕುಡುಗೋಲನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ಅವರ ಕೈಯ ವಾಸನೆ ಹಾಗೇ ಇದೆ." (ಅನ್ನದ ವಾಸನೆ.) ಆಮೇಲೆ ನನ್ನ ಕಡೆ ತಿರುಗಿದಳು. "ವರ್ಷದ ಕೊನೆಗೆ ಈ ಕಪಾಟಿನ ಹಿಂದೆ ಗುಡಿಸಿದ್ದರೆ ಆವತ್ತೇ ಸಿಗ್ತಿತ್ತು. ಕಾಟಾಚಾರಕ್ಕೆ ಗುಡಿಸ್ತೀಯ. ಪಾಪ, ನಿನ್ನ ಸೋಮಾರಿತನಕ್ಕೆ ಆ ಮನುಷ್ಯ ಎಷ್ಟು ನೊಂದ!"

ನಾನು ತಲೆ ಬಗ್ಗಿಸಿದೆ. ಬಕೆಟ್ಟಿನ ಬಳೆ ಹೋಯಿತೆಂದು ಅದೇ ಹೊತ್ತಿಗೆ ಹೇಳಿಬಿಟ್ಟೆ, ಎರಡು ಬೈಗುಳ ಒಂದೇ ಸಲ ಮುಗಿಯಲೆಂದು.

ಇನ್ನು ಇವರು ಹಲಗೆ ಹೆರೆಯುತ್ತಾರೆಂದು ನಾನು ಕಾದೆ. ಇವರು ಕಣ್ಣೊರೆಸಿಕೊಂಡು, ಕುಡುಗೋಲನ್ನು ತೆಗೆದುಕೊಂಡು ಹೋಗಿ ಹಿರಿಯರ ಗೂಡಿನಲ್ಲಿ ಅಪ್ಪನ ಹೆಸರಿನ ಫಲಕದ ಮುಂದಿಟ್ಟು ಊದುಬತ್ತಿ ಹಚ್ಚಿದರು.

"ರೀ, ಅದು ಕೆಲಸಕ್ಕಲ್ಲವಾ?"

"ಕೆಲಸಕ್ಕಾ? ಇದನ್ನು ಮುಟ್ಟೋ ಯೋಗ್ಯತೆ ಮೊದಲು ಬರಲಿ," ಎಂದು ಎದೆಯುಬ್ಬಿಸಿ, ಹೊಸ ಉತ್ಸಾಹದಿಂದ ಕೋನಮಾಪಕ ಹಿಡಿದು ಕೊಟ್ಟಿಗೆಗೆ ನಡೆದರು. ಸಂಜೆಯೊಳಗೆ ಇನ್ನೊಂದು ಮೊಟ್ಟೆ ಇಟ್ಟರು.

ಆ ಮೊಟ್ಟೆಯಲ್ಲೇ ನಾನು ಈಗ ನೀರು ಹೊರುವುದು. ದಾರಿಯುದ್ದಕ್ಕೂ ಸೋರಿ, ಮೂವತ್ತೆಂಟು ಬಕೆಟ್ಟಿನ ಕೆಲಸ ಐವತ್ತೊಂದಾಗಿದೆ. ಸೋರಿದ ನೀರು ದಾರಿಯಲ್ಲೇ ಹಿಮಗಟ್ಟಿ, ಈ ವಾರ ಎರಡು ಸಲ ಬಿದ್ದಿದ್ದೇನೆ.

ನಾಳೆ ಚಿಕ್ಕಪ್ಪ ಬರುತ್ತಾರೆ.

ಇವತ್ತು ನಸುಕಿಗೆ ಎದ್ದು, ಒಲೆ ಹಚ್ಚದೆ, ಗೂಡಿನ ಮುಂದೆ ಕೂತೆ. ಇವರನ್ನು ಎಬ್ಬಿಸಿ ಗುಟ್ಟಾಗಿ ಹೇಳಬಹುದು. ಮಾವ ನಂಬಿದ್ದರೆಂದು ಈಗಷ್ಟೇ ಉಣ್ಣಲು ಶುರುಮಾಡಿದ್ದಾರೆ, ಆ ಅನ್ನ ಮತ್ತೆ ನಿಲ್ಲುತ್ತದೆ. ಇಲ್ಲವೇ ದಿನಾ ನಸುಕಿಗೆ ನಾನೇ ಕದ್ದು ಓರೆ ಹೆರೆದಿಟ್ಟು, ಕುಡುಗೋಲನ್ನು ಗೂಡಿನಲ್ಲಿ ಮತ್ತೆ ಇಟ್ಟುಬಿಡಬಹುದು. ಇವರು ಉಳಿಯುತ್ತಾರೆ, ಅಪ್ಪನ ಹೆಸರು ಉಳಿಯುತ್ತದೆ, ನನ್ನ ಗುಟ್ಟೂ ಉಳಿಯುತ್ತದೆ. ಬೆಳಕು ಹರಿಯುವುದರೊಳಗಿನ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ, ಅಷ್ಟೇ. ಈ ಮನೆಯ ಯಾವ ತೊಂದರೆಯೂ ಕೊನೆಗೆ ಪರಿಹಾರವಾಗುವುದು ನನ್ನ ನಿದ್ದೆಯಿಂದಲೇ.

ಆ ಸಾಲನ್ನು ಇವತ್ತೇ ಶುರುಮಾಡೋಣವೆಂದು ಎದ್ದವಳು ಮತ್ತೆ ಕೂತೆ.

ಸೂಜಿಡಬ್ಬಿಯಿಂದ ಆ ಕರಕಲು ತುದಿಯನ್ನು ತೆಗೆದು ಅಪ್ಪನ ಫಲಕದ ಮುಂದಿಟ್ಟೆ. ಅಮ್ಮ ಮೊದಲ ಅನ್ನ ಇಡಲು ಬರುವುದು ಅಲ್ಲಿಗೇ, ನೋಡಲಿ. (ಇವತ್ತು ಅನ್ನವೂ ಇಲ್ಲ.) ಪಕ್ಕದಲ್ಲಿದ್ದ ನನ್ನ ಸೌಟಿನ ಕುಡುಗೋಲನ್ನು ಕೈಗೆ ತೆಗೆದುಕೊಂಡೆ. ಮೊಟ್ಟೆ ಬಕೆಟ್ಟನ್ನು ಬಾಗಿಲ ಬಳಿ ಬೋರಲು ಹಾಕಿ ಕೊಟ್ಟಿಗೆಗೆ ಹೋದೆ. ಉದ್ದನೆಯ ಹತ್ತರಿ ಅಲಗು ಮೇಲಾಗಿ ಓರೆಗೆ ಮಲಗಿತ್ತು. ಅದರ ಮೇಲೆ ಒಂದು ಹಲಗೆಯ ಪಕ್ಕವನ್ನು ಕೂರಿಸಿದೆ.

ಇದರ ಸದ್ದು ಸಣ್ಣದಲ್ಲ. ಅಪ್ಪ ಒಂದು ಹಲಗೆ ತಳ್ಳಿದರೆ ಇಡೀ ಮನೆ ಏಳುತ್ತಿತ್ತು.

ಎರಡು ಕೈಯನ್ನೂ ಊರಿ, ತಳ್ಳಿದೆ.