ಯಂತ್ರಕ್ಕೆ ಚೀಟಿ ಬರೆದ ಕಾಕು

ಅರವತ್ತು ದಾಟಿದ, ಕಂಪ್ಯೂಟರಿನ ಮೌಸನ್ನು ಎರಡೂ ಕೈಯಿಂದ ಹಿಡಿಯುವ ನನ್ನ ಕಾಕುವಿನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದರೆ ನೀವು ನಗುತ್ತೀರಿ. ನಗಿ! ನಿಮ್ಮ ಕಾಕು ನಿಮ್ಮ ಆಫೀಸಿಗೇ ಬಂದು ಕೂತ ದಿನ ಆ ನಗು ಎಲ್ಲಿರುತ್ತದೋ ನಾನೂ ನೋಡುತ್ತೇನೆ.

ಕಾಕು ಎಂದರೆ ನನ್ನ ಕಾಕಾನ ಹೆಂಡತಿ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಹತಾರ, ಅಂದರೆ ಉಪಕರಣ, ಕೊಡುವ ಕೋಣೆಯನ್ನು ನೋಡಿಕೊಂಡು ನಿವೃತ್ತಳಾದವಳು. ನೌಕರಿ ಬಿಟ್ಟರೂ, ಯಾವುದು ಯಾತಕ್ಕೆ ಎಂದು ಚೀಟಿ ಬರೆದು ಹಚ್ಚುವ ಅಲ್ಲಿನ ಚಟ ಬಿಡಲಿಲ್ಲ. ಧಾರವಾಡದ ಅವಳ ಮನೆಯಲ್ಲೇ ನಾನೂ ಇರುವುದರಿಂದ ಚೀಟಿ ಓದದೆ ನನಗೆ ನೀರೂ ಸಿಗುವುದಿಲ್ಲ. ಸೌಟಿನ ಮೇಲೆ: ‘ಸಾರಿಗೆ ಮಾತ್ರ. ಪಲ್ಯಕ್ಕಲ್ಲ.’ ಕತ್ತರಿಯ ಮೇಲೆ: ‘ಬಟ್ಟೆಗೆ. ಹಾಲಿನ ಪಾಕೀಟಿಗೆ ಬೇರೆ ಇದೆ, ಎಡಕ್ಕೆ ನೋಡು.’

ಒಮ್ಮೆ ಕೇಳಿದೆ: “ಎಲ್ಲಾದಕ್ಕೂ ಚೀಟಿ ಐತಿ. ಕಾಕಾಗ ಒಂದು ಹಚ್ಚಿಲ್ಲಲ್ಲ, ಕಾಕು?”

“ಬರಿಯಾಕ ಕುಂತಿದ್ನೋ ತಮ್ಮಾ. ‘ಯಾತಕ್ಕ ಉಪಯೋಗ’ ಅನ್ನೋ ಸಾಲಿಗೆ ಬಂದು ನಿಂತುಬಿಟ್ಟೆ!”

ಪೇಪರಿನ ಹಿಂದೆ ಕಾಕಾ ಕೆಮ್ಮಿದ.

ಇನ್ನು ನನ್ನ ಕೆಲಸ. ನವನಗರದ ಒಂದು ಸಣ್ಣ ಕಂಪನಿ. ಎಐ ಏಜೆಂಟ್ ಎಂಬ ಯಂತ್ರಬುದ್ಧಿಯ ಸಹಾಯಕ ಈಗ ಬಂದಿದೆಯಲ್ಲ, ಅದಕ್ಕೆ ಪಾರ್ಸೆಲ್ ಹುಡುಕಲು ಒಂದು ಸಾಧನ, ರದ್ದು ಮಾಡಲು ಇನ್ನೊಂದು, ಹೀಗೆ ಹತ್ತಾರು ಕೊಟ್ಟಿರುತ್ತಾರೆ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಅದು ತಿಳಿಯುವುದು ಸಾಧನದ ಜೊತೆಗಿರುವ ನಾಲ್ಕು ಸಾಲಿನ ವಿವರಣೆ ಓದಿ. ಆ ವಿವರಣೆ ಬರೆಯುವುದು, ಬೇರೆಯವರು ಬರೆದದ್ದಕ್ಕೆ ಐದರಲ್ಲಿ ಅಂಕ ಕೊಡುವುದು ನನ್ನ ಕೆಲಸ. ಅದರಲ್ಲಿ ನಾನೇ ರಾಜ! ಊಟದ ಡಬ್ಬಿ ಮರೆತು ಹೋದ ದಿನದವರೆಗೆ.

ಡಬ್ಬಿ ತಂದ ಕಾಕು ನನ್ನ ಪರದೆಗೆ ಮೂಗು ಹಚ್ಚಿ ನಾನು ಬರೆದ ವಿವರಣೆ ಓದಿದಳು: ‘ಗ್ರಾಹಕರ ಪಾರ್ಸೆಲ್ ಅಗತ್ಯಗಳನ್ನು ಸುಲಲಿತವಾಗಿ ನಿರ್ವಹಿಸುವ ಸಮಗ್ರ ಸಾಧನ.’

“ಇದೇನೋ? ಹತಾರದ ಚೀಟಿನೋ, ಸನ್ಮಾನ ಪತ್ರನೋ?”

ನಮ್ಮ ಮುಖ್ಯಸ್ಥೆ ಮೇಡಂ ಜೋರಾಗಿ ನಕ್ಕರು. “ನೀವ ಬರದು ತೋರಸ್ರಿ ನೋಡೋಣು, ಕಾಕು.”

ಕಾಕು ನಿಂತಲ್ಲೇ ಬರೆದಳು: ‘ಪಾರ್ಸೆಲ್ ಎಲ್ಲಿದೆ ಎಂದು ನೋಡಲು ಮಾತ್ರ. ರದ್ದು ಮಾಡಲು ಇದಲ್ಲ. ರಸೀದಿ ನಂಬರ್ ಬೇಕು. ಇಲ್ಲದಿದ್ದರೆ ಕೇಳು, ಊಹಿಸಬೇಡ.’

ಎರಡನ್ನೂ ಪರೀಕ್ಷೆಗಿಟ್ಟೆವು. ಕಾಕುವಿನ ಚೀಟಿ ಓದಿದ ಏಜೆಂಟ್ ಒಮ್ಮೆಯೂ ತಪ್ಪಲಿಲ್ಲ. ನನ್ನದನ್ನು ಓದಿದ್ದು, ‘ಪಾರ್ಸೆಲ್ ರದ್ದು ಮಾಡಿ’ ಎಂದವರಿಗೆ ‘ಸಂತೋಷದ ಸುದ್ದಿ, ನಿಮ್ಮ ಪಾರ್ಸೆಲ್ ಹಾವೇರಿ ದಾಟಿದೆ’ ಎಂದು ಉತ್ತರಿಸಿತು!

ಸೋಮವಾರ ಕಾಕು ನನ್ನ ಪಕ್ಕದ ಕುರ್ಚಿಯಲ್ಲಿದ್ದಳು. ನೌಕರಿಗೆ! ಚಹಾ ಮಾಡುವ ಅಕ್ಕ ಅವಳಿಗೆ ಶುಂಠಿ ಹಾಕಿ ತಂದಳು. ಆರು ವರ್ಷದಿಂದ ಕುಡಿಯುವ ನನಗೆ ಬರೀ ಬಿಸಿನೀರಿನಂಥದು. ನಾನು ಏನು ಬರೆದರೂ ಮೇಡಂ, “ಕಾಕುಗ ಒಮ್ಮೆ ತೋರಿಸಿ ಕಳಸ್ರಿ” ಅನ್ನತೊಡಗಿದರು. ಮನುಷ್ಯರು ಅವಳ ಮಾತು ಕೇಳಲಿ, ಸಹಿಸಬಹುದು. ಯಂತ್ರವೂ ಕೇಳುವುದೇ? ಅದಕ್ಕೇನು ಕಾಕು ಶೇಂಗಾ ಉಂಡಿ ಕಟ್ಟಿ ಕೊಟ್ಟಿದ್ದಳೇ?

ಹೊಟ್ಟೆಯೊಳಗಿನ ಕಿಚ್ಚು ಒಂದು ದಿನ ಕೈಗೆ ಬಂತು. ಹೊಲದ ನೀರಿನ ಮೋಟರನ್ನು ದೂರದಿಂದಲೇ ಚಾಲೂ ಮಾಡುವ ಸಾಧನಕ್ಕೆ ಕಾಕು ವಿವರಣೆ ಬರೆದಿದ್ದಳು. ಅಂಕ ಕೊಡುವ ಸರದಿ ನನ್ನದು. ಕೊನೆಯ ಸಾಲು ಹೀಗಿತ್ತು: ‘ಯಾರಾದರೂ ಮೋಟರ್ ರಿಪೇರಿ ಮಾಡುತ್ತಿದ್ದಾರೆಯೇ ಎಂದು ಮೊದಲು ಕೇಳು. ಉತ್ತರ ಬರುವವರೆಗೆ ಚಾಲೂ ಮಾಡಬೇಡ.’ ನಾನು ‘ಅನಗತ್ಯ ಉದ್ದ’ ಎಂದು ಷರಾ ಬರೆದು, ಆ ಸಾಲು ಹೊಡೆದುಹಾಕಿ, ಐದರಲ್ಲಿ ಎರಡು ಕೊಟ್ಟೆ. ಆಹಾ, ಎಂಥ ಸುಖ! ಕಾಕು ಪರದೆ ನೋಡಿದಳು. ಮುಂದಿನ ಚೀಟಿಗೆ ಕೈ ಹಚ್ಚಿದಳು.

ಸಂಜೆ ಧಾರವಾಡದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: “ಆ ಸಾಲು ಯಾಕ ತಗದಿ?”

“ಉದ್ದ ಆಗಿತ್ತು.”

“ನಾ ಕೆಲಸಕ್ಕ ಸೇರಿದ ಹೊಸದಾಗ, ‘ಸಾಣಿ ಚಕ್ರ, ದೊಡ್ಡದು’ ಅಂತ ಅಷ್ಟ ಬರದು ಇಟ್ಟಿದ್ದೆ. ಅದನ್ನ ಜೋರ ತಿರಗೋ ಮಷಿನ್ನಿಗೆ ಹಾಕಬಾರದು. ನನಗ ಗೊತ್ತಿತ್ತು. ಎಲ್ಲಾರಿಗೂ ಗೊತ್ತೈತಿ ಅನ್ಕೊಂಡೆ. ಹೊಸದಾಗಿ ಬಂದ ಒಬ್ಬಾಕಿಗೆ ಗೊತ್ತಿರಲಿಲ್ಲ. ಹಾಕಿದಳು. ಚಕ್ರ ಒಡದು ಚೂರು ಸಿಡೀತು. ಆಕಿದು ಒಂದು ಕಣ್ಣ ಹೋತು, ತಮ್ಮಾ.”

“ಆಕಿ ನಿನಗ ಬೈದ್ಲೇನು?”

“ಇಲ್ಲ. ದವಾಖಾನಿಗೆ ನೋಡಾಕ ಹೋಗಿದ್ದೆ. ‘ಚೀಟಿ ಓದಿಕೊಂಡ ತಗೊಂಡಿದ್ದೆ ಅಕ್ಕಾ’ ಅಂದ್ಲು. ಅಷ್ಟ.”

ನನಗೆ ಕಾಕುವಿನ ಮುಖ ನೋಡಲಾಗಲಿಲ್ಲ. ಅಲ್ಲೇ ಮೇಡಂಗೆ ಫೋನ್ ಹಚ್ಚಿದೆ. “ಮೇಡಂ, ಆ ಮೋಟರಿನ ಸಾಲು ಉದ್ದ ಐತಿ ಅಂತ ತಗೀಲಿಲ್ರಿ. ಹೊಟ್ಟಿಕಿಚ್ಚಿಗೆ ತಗದೆ. ಅದನ್ನ ತಿರುಗಿ ಹಾಕಬೇಕ್ರಿ, ಈಗ.”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಾಕು ಮಾತ್ರ ನೋಡಲಿಲ್ಲ. ನನ್ನ ಕೈಯನ್ನು ಎಳೆದು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು. ನಾವು ಇಳಿಯುವ ಸ್ಟಾಪು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.