ಮಾಮನ ಸೋಲರಿಯದ ತಂಡ

ಸೋಲನ್ನೇ ಅರಿಯದ ಫುಟ್‌ಬಾಲ್ ತಂಡ ಯಾವುದಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ, ನಾನು ಕಣ್ಣುಮುಚ್ಚಿ ನಮ್ಮ ಸೋದರಮಾವನ ತಂಡ ಎನ್ನುತ್ತೇನೆ. ಹೈದರಾಬಾದಿನ ನಾರಾಯಣಗೂಡದಲ್ಲಿ ಒಂದು ಕಾಲೇಜು, ಅಲ್ಲಿ ಮಾಮ ಆಟದ ಮೇಷ್ಟ್ರು. ಅವರ ತಂಡ ಸೋಲುವುದಾದರೂ ಹೇಗೆ? ಅದು ಆಡುತ್ತಿದ್ದದ್ದೇ ತನ್ನ ಜೊತೆಗೆ! ವರ್ಷಕ್ಕೊಮ್ಮೆ ಅಂತರಕಾಲೇಜು ಟೂರ್ನಮೆಂಟು ಬರುತ್ತಿತ್ತು; ಮೊದಲ ಸುತ್ತಿನಲ್ಲೇ ಸೋತು, ದಾರಿಯಲ್ಲಿ ಚಹಾ ಕುಡಿದು ಮನೆಗೆ ಬರುತ್ತಿದ್ದೆವು. ಆ ಒಂದು ದಿನ ಬಿಟ್ಟರೆ ಉಳಿದ ವರ್ಷವೆಲ್ಲ ನಾವು ಅಜೇಯರು.

ಹೊರಗಿನ ಕಾಲೇಜುಗಳ ಜೊತೆ ಸ್ನೇಹದ ಪಂದ್ಯ ಆಡಿಸುವುದೆಂದರೆ ಮಾಮನಿಗೆ ಮೈ ಉರಿಯುತ್ತಿತ್ತು. ಅವರದೇ ಒಂದು ಪದ್ಧತಿಯಿತ್ತು. ಇದ್ದ ಹುಡುಗರಲ್ಲೇ ಅರ್ಧ ಜನ ಅಂಗಿ, ಅರ್ಧ ಜನ ಬನಿಯನ್ನು. ಅರ್ಧ ಆಟ ಮುಗಿದ ಮೇಲೆ ಅಂಗಿಯವರು ಅಂಗಿ ಬಿಚ್ಚಬೇಕು, ಬನಿಯನ್ನಿನವರು ಅಂಗಿ ತೊಡಬೇಕು, ಹೊಡೆದ ಗೋಲುಗಳ ಲೆಕ್ಕ ಮಾತ್ರ ಆಯಾ ಬಟ್ಟೆಗೇ ಉಳಿಯುತ್ತದೆ! ನಾನೊಮ್ಮೆ ಅಂಗಿ ತೊಟ್ಟು ಮೂರು ಗೋಲು ಹೊಡೆದೆ. ಆಮೇಲೆ ಬನಿಯನ್ನಿನಲ್ಲಿ ಬೆವರು ಸುರಿಸಿ, ನಾನೇ ಹೊಡೆದ ಆ ಮೂರು ಗೋಲುಗಳ ವಿರುದ್ಧ ಒದ್ದಾಡಿ ಸೋತೆ. "ಗೆದ್ದವಗ ಸೋತವನ ಹೊಟ್ಟಿಯೊಳಗಿನ ಸಂಕಟ ಗೊತ್ತಿರಬೇಕಲೇ" ಎಂದು ಮಾಮ ನಗುತ್ತಿದ್ದರು. ಇಂಥ ಆಟ ಭೂಮಿಯ ಮೇಲೆ ಬೇರೆಲ್ಲಾದರೂ ಇದ್ದೀತೇ?

ಅಪ್ಪನದು ಊರೂರು ತಿರುಗುವ ಸರ್ಕಾರಿ ನೌಕರಿ. ಹಾಗಾಗಿ ನಾನು ಓದಿದ್ದು ಮಾಮನ ಮನೆಯಲ್ಲಿದ್ದುಕೊಂಡು, ಮಾಮನದೇ ಕಾಲೇಜಿನಲ್ಲಿ. ಕೊನೆಯ ವರ್ಷ ತಂಡಕ್ಕೆ ನಾನೇ ಕ್ಯಾಪ್ಟನ್. ಆಗ ಇಡೀ ಊರು ಗಚ್ಚಿಬೌಲಿಯ ಕಡೆ ಮುಖ ಮಾಡಿ ನಿಂತಿತ್ತು. ಅಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡಗಳಲ್ಲಿ ಒಂದು ಕುರ್ಚಿ ಸಿಕ್ಕರೆ ಜನ್ಮ ಸಾರ್ಥಕ ಎಂದು ನಾವೆಲ್ಲ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆವು. ಆ ಕ್ಲಾಸಿನಲ್ಲಿ ಗಚ್ಚಿಬೌಲಿ ಕಡೆಯ ಹೊಸ ಕಾಲೇಜೊಂದರ ಕ್ಯಾಪ್ಟನ್ ಪರಿಚಯವಾದ. ಥಳಥಳ ಹೊಳೆಯುವ ಬೂಟು, ಇಂಗ್ಲಿಷಿನಲ್ಲೇ ನಗು! "ಟೂರ್ನಮೆಂಟು ಮುಗಿದಿದೆ, ಪರೀಕ್ಷೆ ದೂರ ಇದೆ, ನಮ್ಮಲ್ಲಿ ಬಂದು ಒಂದು ಪಂದ್ಯ ಆಡಿ" ಎಂದು ಕರೆದ.

ಊಟದ ಹೊತ್ತಿಗೆ ಮಾತು ತೆಗೆದೆ.

"ಗೆಲ್ಲಾಕ ಕಪ್ಪಿಲ್ಲ, ಏನಿಲ್ಲ, ಸುಮ್ಮಸುಮ್ಮನ ಹೊರಗಿನವರ ಜೋಡಿ ಯಾಕ ಆಡಬೇಕು?" ಎಂದರು ಮಾಮ. "ಹುಡುಗರ ಕಾಲು ಮುರಿದ್ರ ಪರೀಕ್ಷಾ ಯಾರು ಬರೀತಾರ?"

"ಕಾಲಿಲೆ ಬರೀತಾರೇನು ಮಾಮಾ?"

ಮಾಮನ ಹೆಂಡತಿ, ನಮ್ಮ ಅತ್ತಿ, ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕರು. ಮಾಮ ನಗಲಿಲ್ಲ. ನಾನೂ ಬಿಡಲಿಲ್ಲ. "ನಮ್ಮನಮ್ಮೊಳಗ ಆಡಿ ಆಡಿ ನಾವು ಬಾವಿಯೊಳಗಿನ ಕಪ್ಪಿ ಆಗೇವ್ರಿ. ಹೊರಗಿನವರ ಆಟ ನೋಡಲಾರದ ಟೂರ್ನಮೆಂಟಿನ್ಯಾಗ ಹ್ಯಾಂಗ ಗೆಲ್ಲೋದು?" ಎಂದೆ. ಒಂದು ವಾರ ಇದೇ ಜಗಳ. ಕೊನೆಗೆ ಅತ್ತಿಯೇ, "ಒಂದ ಸಲ ಕರಕೊಂಡು ಹೋಗ್ರಿ, ಹುಡುಗರು ಆಸಿ ಮಾಡಾಕತ್ತಾರ" ಎಂದರು. ಮಾಮ ಸೋತರು.

ಭಾನುವಾರ ಹೊರಟೆವು. ಮಾಮನ ವೇಷ ನೋಡಬೇಕಿತ್ತು! ಮೊಣಕಾಲಿನವರೆಗೆ ಅಗಲವಾದ ಖಾಕಿ ಚಡ್ಡಿ, ತಲೆಗೆ ಟವೆಲ್ಲು, ಕೊರಳಿಗೆ ಸೀಟಿ, ಕಂಕುಳಲ್ಲಿ ಉಪ್ಪು ಹಚ್ಚಿದ ನಿಂಬೆಹಣ್ಣಿನ ಹೋಳುಗಳ ಡಬ್ಬಿ. ಬಸ್ಸಿನ ತುಂಬ ಹುಡುಗರಿಗೆ ದಖ್ಖನಿ ಉರ್ದುವಿನಲ್ಲಿ ಉಪದೇಶ: "ಬಾಲ್ ಕೂ ನಕ್ಕೋ ದೇಖೋ ರೇ, ಆದ್ಮೀ ಕೂ ದೇಖೋ!" ಚೆಂಡನ್ನಲ್ಲ, ಆಡುವವನನ್ನು ನೋಡಬೇಕಂತೆ! ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಅಲ್ಲಿಯ ಮೈದಾನದ ಹುಲ್ಲು ಕಂಡು ನಮ್ಮ ಹುಡುಗರು ಬೂಟು ಕೈಯಲ್ಲಿ ಹಿಡಿದು ನಿಂತರು. ಮಾಮ ಮಾತ್ರ ಗೆರೆಗಳನ್ನು ನೋಡಿ ಮುಖ ಸಿಂಡರಿಸಿದರು. ಗೋಲಿನ ಮುಂದಿನ ಗೆರೆ ಸೊಟ್ಟಗಿತ್ತಂತೆ! ಮೂಲೆಯಲ್ಲಿದ್ದ ಸುಣ್ಣದ ಪುಡಿಯ ಬಕೆಟ್ ತಂದು, ನಡು ಬಗ್ಗಿಸಿ, ಪರರ ಮೈದಾನಕ್ಕೆ ತಾವೇ ಗೆರೆ ಎಳೆಯತೊಡಗಿದರು. ಮೊಣಕಾಲಿನವರೆಗೆ ಸುಣ್ಣ.

ಆ ಕ್ಯಾಪ್ಟನ್ ತನ್ನ ಗೆಳೆಯರ ಜೊತೆ ಬಂದವನು ಮಾಮನನ್ನು ನೋಡಿ, ನಗು ತಡೆದುಕೊಂಡು, "ಯಾರು ಇವರು?" ಎಂದು ತೆಲುಗಿನಲ್ಲಿ ಕೇಳಿದ.

ಬರೆಯಲೂ ಕೈ ಹಿಂಜರಿಯುತ್ತದೆ. "ನಮ್ಮ ಕಾಲೇಜಿನ ಗ್ರೌಂಡು ನೋಡಿಕೊಳ್ಳುವವರು" ಎಂದುಬಿಟ್ಟೆ.

ಮಾಮನಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು. ಅವರಿದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ. ಸುಣ್ಣ ಸುರಿಯುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಗೆರೆ ಮುಂದುವರಿಯಿತು, ನೆಟ್ಟಗೆ. ಅದನ್ನು ಮುಗಿಸಿ, ಕೊರಳಿನ ಸೀಟಿ ತೆಗೆದು ಜೇಬಿಗಿಟ್ಟುಕೊಂಡರು. ಅರ್ಧ ಆಟದ ವಿರಾಮದಲ್ಲಿ ನಿಂಬೆಹಣ್ಣಿನ ಡಬ್ಬಿ ಹಿಡಿದು ನಮ್ಮವರ ಬಳಿಗೂ ಬಂದರು, ಎದುರಾಳಿಗಳ ಬಳಿಗೂ ಹೋದರು. ನನ್ನ ಮುಂದೆ ನಿಂತು, "ತಗೋರಿ ಕ್ಯಾಪ್ಟನ್ ಸಾಹೇಬ್ರ" ಎಂದರು. ವ್ಯಂಗ್ಯವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ವ್ಯಂಗ್ಯವಿರಲಿಲ್ಲ, ಆ ಹುಡುಗರೆದುರು ನನ್ನ ಸುಳ್ಳು ಬಯಲಾಗದಿರಲಿ ಎಂದು ಅವರು ನನಗೆ ಬಹುವಚನ ಹಚ್ಚಿದ್ದರು. ಆರು ಗೋಲುಗಳಿಂದ ಸೋತೆವು. ಅದರ ನಾಚಿಕೆ ನನಗೆ ತಟ್ಟಲೇ ಇಲ್ಲ.

ಮನೆಗೆ ಬಂದ ಮೇಲೆ ಅತ್ತಿ, "ಹ್ಯಾಂಗಾತ್ರಿ?" ಎಂದು ಕೇಳಿದರು.

"ನಿನ್ನ ಅಳಿಯ ಹೇಳಿದ್ದ ಖರೆ ಐತಿ" ಎಂದರು ಮಾಮ, ಕಾಲಿನ ಸುಣ್ಣ ತೊಳೆಯುತ್ತ. "ಹೊರಗಿನವರ ಜೋಡಿ ಆಡಬೇಕು. ಇನ್ನ ಮ್ಯಾಲ ತಿಂಗಳಿಗೊಂದು ಆಡಲಿ. ಹುಡುಗರು ಹೋಗಿ ಬರ್ಲಿ. ನಾ ಇಲ್ಲೇ ಗ್ರೌಂಡ್ ನೋಡ್ಕೋತೀನಿ."

ಆ ವರ್ಷ ಇನ್ನೂ ಮೂರು ಪಂದ್ಯ ಆಡಿದೆವು. ಒಂದನ್ನು ಗೆದ್ದೆವು ಕೂಡ. ಮಾಮ ಯಾವುದಕ್ಕೂ ಬರಲಿಲ್ಲ. ಆದರೆ ಪಂದ್ಯವಿದ್ದ ಪ್ರತಿ ಭಾನುವಾರ ಬೆಳಿಗ್ಗೆ ಅವರು ಬೇಗ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಪ್ಯಾಂಟು, ಬಿಳಿ ಅಂಗಿ ತೊಟ್ಟು, ಬಾಗಿಲ ಬಳಿಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಚಡ್ಡಿಯಿಲ್ಲ, ಟವೆಲ್ಲಿಲ್ಲ. ನಾನು ಅವರ ಎದುರಿಗೇ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದೆ. ನನ್ನ ಲೇಸು ಮುಗಿಯುವವರೆಗೂ ಅವರು ಪೇಪರಿನ ಒಂದು ಪುಟವನ್ನೂ ತಿರುವುತ್ತಿರಲಿಲ್ಲ. "ನೀವೂ ಬರ್ರಿ ಮಾಮಾ" ಎಂಬ ಮಾತು ಮೂರು ಭಾನುವಾರವೂ ನನ್ನ ಬಾಯಿಗೆ ಬಂತು. ನಾಚಿಕೆಗೆ ತಲೆ ಎತ್ತಲಾರದೆ, ಮೂರು ಭಾನುವಾರವೂ ಅವರ ಮುಂದೆಯೇ ಎದ್ದು ಹೊರಟುಹೋದೆ.