ಗುಣವಾದ ಕೈ

ಬಸ್ಸಿನ ಡ್ರೈವರ್ ಆ ಎಮ್ಮೆಗಾಗಿ ಬ್ರೇಕ್ ಹಾಕದೇ ಹೋಗಿದ್ದರೆ ಮಹಾದೇವಕ್ಕನ ಬಲಗೈ ಇನ್ನೊಂದು ತಿಂಗಳಾದರೂ ಗುಣವಾಗುತ್ತಿರಲಿಲ್ಲ.

ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಹೊರಟ ಬಸ್ಸು ತುಂಬಿ ತುಳುಕುತ್ತಿತ್ತು. ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಬಲಗೈಯನ್ನು ಹಸುಗೂಸಿನಂತೆ ಮಲಗಿಸಿಕೊಂಡು ಮಹಾದೇವಕ್ಕ ನಿಂತಿದ್ದಳು. ಬ್ರೇಕ್ ಬಿದ್ದದ್ದೇ ತಡ, ಆ ಕೈ ಪಟ್ಟಿಯಿಂದ ಹೊರಬಿದ್ದು, ಉತ್ತರ ಗೊತ್ತಿದ್ದ ಶಾಲಾ ಹುಡುಗಿಯ ಕೈಯಂತೆ ನೆಟ್ಟಗೆ ಮೇಲೆದ್ದು, ತಲೆಯ ಮೇಲಿನ ಸರಳನ್ನು ಹಿಡಿಯಿತು.

"ಮಾದೇವಕ್ಕ, ಕೈ ಭಾಳ ಮ್ಯಾಲ ಹೋತಲ್ಲ."

ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ದುರಗವ್ವ ಕೂತಿದ್ದಳು. ಮಹಾದೇವಕ್ಕ ಕೈ ಇಳಿಸಿ, ತಡವಾಗಿ ನೆನಪಾದ ನೋವಿಗೆ ಮುಖ ಕಿವುಚಿದಳು. ದುರಗವ್ವ ನಗುತ್ತಲೇ ಇದ್ದಳು.

ಮಳೆಗಾಲದಲ್ಲಿ ಹಿತ್ತಲಿನ ಪಾಚಿಯ ಮೇಲೆ ಜಾರಿ ಮಹಾದೇವಕ್ಕನ ಭುಜದ ಮೂಳೆ ಬಿರಿದಿತ್ತು. ಮೂಳೆ ಕೂಡಿಕೊಂಡರೂ ಭುಜ ಮರಗಟ್ಟಿ ಕೂತಿತು. ಹಾನಗಲ್ಲಿನಲ್ಲಿ ಫಿಸಿಯೋಥೆರಪಿ ಮಾಡಿಸಿ ಎಂದು ಡಾಕ್ಟರು ಹೇಳಿದಾಗ ಗಂಡ ಫಕ್ಕೀರಪ್ಪ, "ಕೈ ಎತ್ತಿ ಇಳಸಾಕ ಹಾನಗಲ್ಲಿಗೆ ಹೋಗಬೇಕೇನು? ನಾನ ಹೇಳ್ತೇನಿ ತಗೊ. ಎತ್ತು, ಇಳಸು," ಅಂದಿದ್ದ. ಅವನು ಎಷ್ಟು ಹೇಳಿದರೂ ಕೈ ಏಳಲಿಲ್ಲ. ಕೊನೆಗೆ ಕಳಿಸಿದ.

ಅಲ್ಲಿ ತನುಜಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಭುಜಕ್ಕೆ ಬಿಸಿ ಚೀಲ ಇಟ್ಟು ಕೇಳಿದಳು, "ಎಲ್ಲಿ ನೋಯ್ತೈತ್ರಿ ಅಕ್ಕಾರ? ಹೆಂಗ ನೋಯ್ತೈತಿ?" ಕೇಳಿ ಸುಮ್ಮನೆ ಕಾದಳು. ಉತ್ತರ ಬರುವ ತನಕ ಕಾಯುತ್ತಾರೆಂದು ಗೊತ್ತಿಲ್ಲದ ಮಹಾದೇವಕ್ಕನಿಗೆ ಏನು ಹೇಳಬೇಕೋ ತಿಳಿಯದೆ ಕಣ್ಣು ತುಂಬಿ ಬಂದಿತ್ತು. ಆಮೇಲಿನ ದಿನಗಳಲ್ಲಿ ರಾಟೆಯ ಹಗ್ಗ ಎಳೆದಳು, ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯಂತೆ ಹತ್ತಿಸಿದಳು. ಬೆರಳು ಒಂದು ಗೆರೆ ಮೇಲೆ ಹೋದರೆ ತನುಜಾ ಚಪ್ಪಾಳೆ ತಟ್ಟುತ್ತಿದ್ದಳು. ಮದುವೆಯಾದಂದಿನಿಂದ ಮಹಾದೇವಕ್ಕ ಮಾಡಿದ ಯಾವ ಕೆಲಸಕ್ಕೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಇತ್ತ ಮನೆಯಲ್ಲಿ ಇನ್ನೊಂದು ವಿಸ್ಮಯ ನಡೆದಿತ್ತು. ಅಕ್ಕಿ ಗಿರಣಿಯಲ್ಲಿ ತೂಕ ನೋಡುವ ಫಕ್ಕೀರಪ್ಪನಿಗೆ ಬಿಸಿ ರೊಟ್ಟಿ ಇಲ್ಲದೆ ಊಟ ಇಳಿಯುತ್ತಿರಲಿಲ್ಲ. ಬೇರೆ ದಾರಿ ಕಾಣದೆ ತಾನೇ ಒಲೆಯ ಮುಂದೆ ಕೂತ. ಅವನ ರೊಟ್ಟಿ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಹಾಸುಗಲ್ಲು. ಆದರೂ ಮಹಾದೇವಕ್ಕ ತಾಟಿನ ಮುಂದೆ ಕೂತು, ಹಂಚಿನಿಂದಿಳಿದ ರೊಟ್ಟಿಯನ್ನು ಹೊಗೆಯಾಡುವಾಗಲೇ ತಿಂದಳು. ಅಷ್ಟು ವರ್ಷ ಎಲ್ಲರಿಗೂ ಬಿಸಿ ರೊಟ್ಟಿ ಬಡಿದುಹಾಕಿದವಳಿಗೆ ಅದರ ರುಚಿ ಗೊತ್ತಾದದ್ದು ಮೂಳೆ ಮುರಿದ ಮೇಲೆ.

ಕೈ ನೆಟ್ಟಗಾಯಿತೆಂದು ಮನೆಯಲ್ಲಿ ಗೊತ್ತಾದ ದಿನ ಹಾನಗಲ್ಲೂ ಇಲ್ಲ, ಬಿಸಿ ರೊಟ್ಟಿಯೂ ಇಲ್ಲ. ಅದಕ್ಕೇ ಅವಳು ಗುಣವಾದ ಕೈಯನ್ನು ಪಟ್ಟಿಯಲ್ಲಿ ಬಚ್ಚಿಟ್ಟಿದ್ದಳು. ಈ ಬೆಳಿಗ್ಗೆಯಂತೂ ತನುಜಾ, "ಇನ್ನ ಬರೂದ ಬ್ಯಾಡ್ರಿ ಅಕ್ಕಾರ. ಮನ್ಯಾಗ ಹಿಟ್ಟು ನಾದ್ರಿ, ಅದಕಿಂತ ಛಲೋ ವ್ಯಾಯಾಮ ಇಲ್ಲ," ಎಂದಿದ್ದಳು. ಮಹಾದೇವಕ್ಕ ಗೋಗರೆದು ಇನ್ನೊಂದು ವಾರ ದಕ್ಕಿಸಿಕೊಂಡು ಬಸ್ಸು ಹತ್ತಿದ್ದಳು.

ಅಕ್ಕಿಆಲೂರಿನಲ್ಲಿ ಇಳಿದವಳೇ ದುರಗವ್ವನ ಸೆರಗು ಹಿಡಿದಳು. "ನಮ್ಮ ಮನಿಯವರಿಗೆ ಹೇಳಬ್ಯಾಡವ್ವ."

"ನಾ ಯಾಕ ಹೇಳ್ಲಿ? ಮಂದಿ ಸುದ್ದಿ ನನಗ ಯಾಕ ಬೇಕು?" ಅಂದಳು ಮಂದಿಯ ಸುದ್ದಿಯಿಂದಲೇ ಉಸಿರಾಡುವ ದುರಗವ್ವ. "ಆದ್ರ ಅಕ್ಕ, ಇವತ್ತ ಮಠದಾಗ ದಾಸೋಹ. ನನ್ನ ಪಾಲಿನ ರೊಟ್ಟಿ ಆಗಿಲ್ಲ. ಹಾನಗಲ್ ಖಾನಾವಳಿಯಾಗ ಕೇಳಾಕ ಹೋಗಿದ್ದೆ, ಇವತ್ತಂದ್ರ ಆಗಂಗಿಲ್ಲ ಅಂದ್ರು."

ದಾಸೋಹಕ್ಕೆ ಓಣಿಯ ಮನೆಮನೆಯಿಂದ ಒಂದೊಂದು ಬುಟ್ಟಿ ರೊಟ್ಟಿ ಹೋಗುವುದು ಪದ್ಧತಿ. ಕೈ ಮುರಿದವಳೆಂದು ಈ ಸಲ ಮಹಾದೇವಕ್ಕನಿಗೆ ಮಾಫಿ ಸಿಕ್ಕಿತ್ತು. ದುರಗವ್ವನ ರೊಟ್ಟಿಗಳನ್ನು ಹೋದ ವರ್ಷ ಪಂಕ್ತಿಯಲ್ಲಿ ಯಾರೋ ಮೆಟ್ಟಿನ ಅಟ್ಟೆ ಎಂದು ಕರೆದು, ಅದು ಓಣಿಯೆಲ್ಲ ಹರಡಿತ್ತು.

"ಹಿತ್ತಲ ಬಾಗಲಿಂದ ಬಂದು ನೀನ ಬಡದು ಬಿಡು. ನಾನೂ ಬಾಯಿ ಮುಚ್ಚಿಕೊಂಡಿರ್ತೇನಿ," ಎಂದಳು ದುರಗವ್ವ.

ಹೀಗೆ ಮನೆಯಲ್ಲಿ ಇಬ್ಬರಿಗೆ ರೊಟ್ಟಿ ಬಡಿಯುವುದನ್ನು ತಪ್ಪಿಸಿಕೊಳ್ಳಲು ಮಹಾದೇವಕ್ಕ ಪರರ ಮನೆಯಲ್ಲಿ ಊರಿಗೆಲ್ಲ ರೊಟ್ಟಿ ಬಡಿಯತೊಡಗಿದಳು. ಪಟ್ಟಿಯನ್ನು ಗೂಟಕ್ಕೆ ನೇತುಹಾಕಿದಳು. ಭುಜ ಎಣ್ಣೆ ಹಾಕಿದ ಬಂಡಿಯ ಗಾಲಿಯಂತೆ ತಿರುಗುತ್ತಿತ್ತು. ತನುಜಾ ನೋಡಬೇಕಿತ್ತು ಎಂದುಕೊಂಡಳು. ದುರಗವ್ವ ಹೊರಗೆ ಕಟ್ಟೆಯ ಮೇಲೆ ಕಾವಲು ಕೂತಳು.

ಬುಟ್ಟಿ ಒಯ್ಯಲು ಮಠದ ಭರಮಪ್ಪ ಬಂದ.

"ದುರಗವ್ವ, ನೀ ಇಲ್ಲಿ ಕುಂತೀ, ಒಳಗ ಯಾರ ರೊಟ್ಟಿ ಬಡಿಯಾಕತ್ತಾರ?"

"ನನ್ನ ತಂಗಿರಿ. ಹಿರೇಬೆಂಡಿಗೇರಿಯಿಂದ ಬಂದಾಳ."

"ನಿನಗ ತಂಗಿ ಎಲ್ಲಿ ಅದಾಳ?"

"ಚಿಗವ್ವನ ಮಗಳ್ರಿ."

"ಹಿರೇಬೆಂಡಿಗೇರಿಯಾಗ ನಮ್ಮ ಬೀಗರದಾರ. ತಡಿ, ಮಾತಾಡಿಸಿ ಹೋಗ್ತೇನಿ."

ದುರಗವ್ವ ಬಾಗಿಲಿಗೆ ಅಡ್ಡ ಬಂದಳು. "ಬ್ಯಾಡ್ರಿ. ಪಾಪ, ಅಕಿ ಮೂಗಿ."

ಅದೇ ಹೊತ್ತಿಗೆ ಒಳಗೆ ಮಹಾದೇವಕ್ಕನ ಬೆರಳು ಹಂಚಿಗೆ ತಾಗಿ, "ಅವ್ವಾ" ಎಂಬ ಸದ್ದು ಸ್ಪಷ್ಟವಾಗಿ ಹೊರಬಂತು. ಭರಮಪ್ಪ ಹುಬ್ಬೇರಿಸಿದ.

"ಅದೊಂದ ಶಬ್ದ ಬರ್ತೈತ್ರಿ ಅಕಿಗೆ," ಎಂದಳು ದುರಗವ್ವ.

ಭರಮಪ್ಪ ಕಟ್ಟೆಯ ಮೇಲೆ ತುಂಬಿಟ್ಟಿದ್ದ ಬುಟ್ಟಿಯ ಬಟ್ಟೆ ಸರಿಸಿ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. "ಮಾತು ಬರದಿದ್ರ ಏನಾತು, ಕೈ ಮಾತಾಡ್ತೈತಿ," ಎಂದು ಬುಟ್ಟಿ ಹೊತ್ತುಕೊಂಡು ಹೋದ.

ಮಹಾದೇವಕ್ಕ ಮುಖ ತೊಳೆದು, ಪಟ್ಟಿ ಕಟ್ಟಿಕೊಂಡು ಹೊಸ್ತಿಲು ದಾಟುತ್ತಿದ್ದಳು.

"ಅಕ್ಕ, ಮುರದದ್ದು ಬಲಗೈ," ಎಂದಳು ದುರಗವ್ವ.

ಅವಳು ಎಡಗೈ ತೆಗೆದು ಬಲಗೈ ಇಟ್ಟಳು. ಮನೆಗೆ ಬಂದು ಅಡ್ಡಾದವಳಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಹೊತ್ತು ವಾಲಿತ್ತು. ಗಂಡ ದಾಸೋಹದಲ್ಲಿ ಹೊಟ್ಟೆ ತುಂಬ ಉಂಡು ಬಂದಿರುತ್ತಾನೆ, ಇವತ್ತಿನ ಗಂಡಾಂತರ ಕಳೆಯಿತು ಎಂದುಕೊಂಡು ಪಡಸಾಲೆಗೆ ಬಂದಳು.

ಫಕ್ಕೀರಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನ ಬಲಗೈ, ಕೊರಳಿಗೆ ಕಟ್ಟಿದ ಟವೆಲ್ಲಿನಲ್ಲಿ ಜೋತಾಡುತ್ತಿತ್ತು.

"ಏನಾತ್ರಿ ಕೈಗೆ?"

"ರೊಟ್ಟಿ ಬಡದು ಬಡದು ಭುಜಾ ಹಿಡದೈತಿ," ಎಂದು ನರಳಿದ. "ಮ್ಯಾಲ ಏಳವಲ್ದು. ನಿನಗ ಹೇಳೂದು ಬ್ಯಾಡ ಅಂತ ಇಷ್ಟ ದಿನಾ ನುಂಗಿಕೊಂಡಿದ್ದೆ."

ಮಹಾದೇವಕ್ಕ ಅವನ ಪಕ್ಕ ಕುಕ್ಕರಿಸಿದಳು. ತನ್ನ ಸುಳ್ಳು ನೋವು ಅವನಿಗೆ ನಿಜದ ನೋವು ತಂದಿತಲ್ಲ. ಅವನ ಹಾಸುಗಲ್ಲಿನಂಥ ರೊಟ್ಟಿಗಳನ್ನು ಮನಸ್ಸಿನಲ್ಲೇ ಆಡಿಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ಇಬ್ಬರ ಕೈನೂ ಹೋದ್ರ ಮನ್ಯಾಗ ಅಡಗಿ ಯಾರ ಮಾಡ್ಬೇಕು?" ಎಂದ ಫಕ್ಕೀರಪ್ಪ.

"ನಂದು ಇವತ್ತ ಒಂಚೂರು ಹಗುರಾಗೇತ್ರಿ," ಎಂದಳು. ಪಟ್ಟಿ ಬಿಚ್ಚಿ ಒಲೆ ಹೊತ್ತಿಸಿದಳು. ಗಂಡ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತ.

"ಆ ತನುಜಾ ಡಾಕ್ಟರಿಗೆ ಫೋನ್ ಹಚ್ಚಿದ್ದೆ. ನಾಳಿಂದ ನನಗ ಬರಾಕ ಹೇಳ್ಯಾರ. ಎಷ್ಟ ಛಂದ ಮಾತಾಡ್ತಾರ ಅವ್ರು. ಎಲ್ಲಿ ನೋಯ್ತೈತ್ರಿ ಅಂತ ಕೇಳಿ, ಹೇಳೂತನಕ ಕಾದ್ರು."

ಮಹಾದೇವಕ್ಕ ಹಿಟ್ಟು ನಾದುತ್ತಿದ್ದಳು. "ನಂದು ಇನ್ನೊಂದು ವಾರ ಐತ್ರಿ," ಎಂದಳು ಮೆಲ್ಲಗೆ.

"ಅದನ್ನೂ ಕೇಳಿದೆ. ನಿಮ್ಮ ಮನಿಯವರದು ಪೂರಾ ಆರಾಮ ಆಗೇತ್ರಿ ಅಂದ್ರು. ನಿನ್ನ ವಾರ ನಾನ ಇಸ್ಕೊಂಡೆ."

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅದನ್ನೇ ನೋಡುತ್ತ ಫಕ್ಕೀರಪ್ಪ ಮುಂದುವರಿಸಿದ, "ಮಠದಾಗ ದುರಗವ್ವನ ಬುಟ್ಟಿಯಿಂದ ಒಂದು ರೊಟ್ಟಿ ನನ್ನ ತಾಟಿಗೆ ಬಿತ್ತು ನೋಡು. ಅಂಚು ಎಲ್ಲೂ ಸೀಳಿರಲಿಲ್ಲ. ಅರಿವಿಯಂಗ ಮೆತ್ತಗ. ಯಾರೋ ಮೂಗಿ ಬಡದಾಳ ಅಂದ ಭರಮಪ್ಪ. ಮೂಗಿ ಅಲ್ಲ, ದೇವರು ಬಡದಿದ್ರೂ ಹಂಗ ಆಗಂಗಿಲ್ಲ. ಇಷ್ಟ ವರ್ಷ ಅಂಥ ರೊಟ್ಟಿ ತಿನ್ನಾಕತ್ತಿದ್ದೆ ಅಂತ ನನಗ ಗೊತ್ತ ಇರಲಿಲ್ಲ."

ಮಹಾದೇವಕ್ಕನ ಕೈ ಒಂದು ಕ್ಷಣ ನಿಂತಿತು. ಮದುವೆಯಾಗಿ ಬಂದಾಗಿನಿಂದ ಅವಳು ಕೇಳಬೇಕೆಂದಿದ್ದ ಮಾತು ಅದು. ಈಗ ಬಂದಿತ್ತು, ಅದೂ ಹೀಗೆ. ಸುಖ ಪಡಬೇಕೋ ಅಳಬೇಕೋ ಗೊತ್ತಾಗದೆ ತಲೆ ಎತ್ತಿದಳು.

ಫಕ್ಕೀರಪ್ಪ ಅವಳ ಕಣ್ಣು ತಪ್ಪಿಸಿ, "ಒಂದ ರೊಟ್ಟಿಗೆ ಆಸೆ ತೀರಲಿಲ್ಲ, ಅದಕ ಅರ್ಧಕ್ಕ ಎದ್ದು ಬಂದೆ. ಹಾಕು," ಎಂದು ಎರಡೂ ಕೈ ಚಾಚಿ ತಾಟು ಹತ್ತಿರ ಎಳೆದುಕೊಂಡ.